ಎಲಿಯಟ್‌ನ ತಕರಾರು, ದಂಡಿನ ಉತ್ತರ

ಟಿ. ಎಸ್. ಎಲಿಯಟ್ 1919ರಲ್ಲಿ ಬರೆದ ‘ಸಂಪ್ರದಾಯ ಮತ್ತು ವ್ಯಕ್ತಿ ಪ್ರತಿಭೆ’ ಪ್ರಬಂಧವನ್ನು ನಮ್ಮಲ್ಲಿ ಓದದವರೂ ಓದಿದವರಂತೆ ಬಳಸುತ್ತಾರೆ. ನವ್ಯದ ಕಾಲದಲ್ಲಿ ಅದು ಕನ್ನಡ ವಿಮರ್ಶೆಯ ಮನೆಮಾತಾಗಿತ್ತು. ಅಡಿಗರ ಕಾವ್ಯದ ಚರ್ಚೆಯಲ್ಲಿ ಎಲಿಯಟ್ ಬಾರದೆ ಇರುವುದು ಅಪರೂಪ. ಆದರೆ ಇದೇ ಎಲಿಯಟ್ 1943ರಲ್ಲಿ ನಮ್ಮ ದಕ್ಷಿಣ ಭಾರತದ ಒಂದು ಸಂಗತಿಯ ಬಗ್ಗೆಯೇ ಕಿರುಹೊತ್ತಿಗೆಯೊಂದನ್ನು ಬರೆದ. ಅದನ್ನು ಕನ್ನಡದಲ್ಲಿ ಯಾರೂ ಎತ್ತಿಕೊಂಡು ಮಾತಾಡಿದ್ದನ್ನು ನಾನು ಕಂಡಿಲ್ಲ. ‘ರೀಯೂನಿಯನ್ ಬೈ ಡಿಸ್ಟ್ರಕ್ಷನ್’ ಎಂಬುದು ಅದರ ಹೆಸರು. ಒಡೆದು ಹಾಕಿ ಒಂದಾಗುವುದು ಎಂದು ಅರ್ಥ ಮಾಡಬಹುದು. ಇಲ್ಲಿನ ಪ್ರಾಟೆಸ್ಟಂಟ್ ಸಭೆಗಳು ತಮ್ಮ ತಮ್ಮ ಹೆಸರು, ಹಮ್ಮುಗಳನ್ನು ಬಿಟ್ಟು ಒಂದೇ ಸಭೆಯಾಗಲು ಹೊರಟಿದ್ದವು. ಆ ಯೋಜನೆಯ ವಿರುದ್ಧ ಎಲಿಯಟ್ ಲೇಖನಿ ಹಿಡಿದಿದ್ದ.

‘ದಿ ವೇಸ್ಟ್ ಲ್ಯಾಂಡ್’ ಅನ್ನು ಉಪನಿಷತ್ತಿನ ಶಾಂತಿಮಂತ್ರದಿಂದ ಮುಗಿಸಿದವನು, ‘ಫೋರ್ ಕ್ವಾರ್ಟೆಟ್ಸ್’ನಲ್ಲಿ ಕೃಷ್ಣಾರ್ಜುನರನ್ನು ಕರೆತಂದವನು, ಅದೇ ಕಾವ್ಯದಲ್ಲಿ ವಿನಯವನ್ನೇ ಕಡೆಯ ವಿವೇಕವಾಗಿ ಕಂಡವನು ಭಾರತದ ಕ್ರೈಸ್ತರು ಒಂದಾಗುವುದನ್ನು ಯಾಕೆ ಒಪ್ಪಲಿಲ್ಲ? ಈ ಪ್ರಶ್ನೆ ಚರ್ಚಿನ ಇತಿಹಾಸಕ್ಕೆ ಮಾತ್ರ ಸೇರಿದ್ದಲ್ಲ, ಸಾಹಿತ್ಯ ವಿಮರ್ಶೆಗೂ ಸೇರಿದ್ದು. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. 1943ರ ಎಲಿಯಟ್‌ಗೆ ಸರಿಯಾದ ಉತ್ತರ 1919ರ ಎಲಿಯಟ್‌ನಲ್ಲೇ ಇದೆ. ಆದರೂ ಅವನ ಒಂದು ಆಕ್ಷೇಪ ಮಾತ್ರ ಸುಳ್ಳಾಗಿಲ್ಲ. ಅದು ಎಲ್ಲಿ ನಿಜವಾಯಿತು ಎಂಬುದನ್ನು ಬೆಂಗಳೂರಿನ ದಂಡು ಪ್ರದೇಶದಲ್ಲಿ, ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ದಾರಿಯಲ್ಲಿ ನೋಡಬಹುದು.

ಯೋಜನೆಯ ಹಿನ್ನೆಲೆ ತಿಳಿಯದೆ ಎಲಿಯಟ್‌ನ ಕೋಪ ಅರ್ಥವಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮಿಷನ್‌ಗಳು ಕ್ರಮೇಣ ನೆಲವನ್ನು ಹಂಚಿಕೊಂಡವು. ಒಬ್ಬರು ಕೆಲಸ ಮಾಡುವ ಜಿಲ್ಲೆಗೆ ಇನ್ನೊಬ್ಬರು ಕಾಲಿಡಬಾರದು ಎಂಬುದು ಅವರ ನಡುವಿನ ಒಪ್ಪಂದ. ಜಗಳ ತಪ್ಪಿಸಲು ಇದು ಒಳ್ಳೆಯ ಉಪಾಯ. ಅದರ ಫಲ ಮಾತ್ರ ವಿಚಿತ್ರವಾಗಿತ್ತು. ಬಳ್ಳಾರಿಯ ಕಡೆ ಕ್ರೈಸ್ತನಾದವನು ಲಂಡನ್ ಮಿಷನ್ನಿನವನು, ತುಮಕೂರು ಮೈಸೂರಿನ ಕಡೆಯವನು ವೆಸ್ಲಿಯನ್, ಮಂಗಳೂರು ಧಾರವಾಡದವನು ಬಾಸೆಲ್. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ಯಾರೋ ಯಾರೊಂದಿಗೋ ಜಗಳವಾಡಿದ್ದರ ಗುರುತು ಗುಬ್ಬಿಯ ರೈತನ ಹಣೆಗೆ ಬಂತು. ಅವನಿಗೆ ಆ ಜಗಳದ ತಲೆಬುಡ ಗೊತ್ತಿರಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ. ಅವನು ಪಕ್ಕದ ಜಿಲ್ಲೆಗೆ ಹೆಣ್ಣು ಕೊಟ್ಟರೆ ಮಗಳು ಬೇರೆ ಸಭೆಯವಳಾಗುತ್ತಿದ್ದಳು.

ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರು ಭಾರತೀಯರೇ. 1919ರ ಮೇ ತಿಂಗಳ ಮೊದಲ ದಿನಗಳಲ್ಲಿ ತರಂಗಂಬಾಡಿಯಲ್ಲಿ ಸೇರಿದ 33 ಮಂದಿ ಪಾದ್ರಿಗಳು ಒಂದು ಹೇಳಿಕೆ ಹೊರಡಿಸಿದರು. ಅವರಲ್ಲಿ ಇಬ್ಬರ ಹೊರತು ಎಲ್ಲರೂ ಭಾರತೀಯರು. ಮುಂದಾಳುಗಳು ದೋರ್ನಕಲ್ಲಿನ ಬಿಷಪ್ ವಿ. ಎಸ್. ಅಜರಯ್ಯ ಮತ್ತು ವಿ. ಸಂತಿಯಾಗೊ. ಈ ಒಡಕುಗಳನ್ನು ನಾವು ಮಾಡಿದ್ದಲ್ಲ, ಹೊರಗಿನಿಂದ ನಮ್ಮ ಮೇಲೆ ಹೇರಿದ್ದು, ಇವನ್ನು ಇಟ್ಟುಕೊಂಡು ನಮ್ಮ ನಾಡಿಗೆ ಸುವಾರ್ತೆ ಹೇಳಲಾರೆವು ಎಂಬುದು ಅವರ ಮಾತಿನ ಸಾರ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಅವರು ಒಗ್ಗಟ್ಟನ್ನು ಕೇಳಿದ್ದು ಸಿದ್ಧಾಂತದ ಸೊಗಸಿಗಾಗಿ ಅಲ್ಲ, ಕೆಲಸಕ್ಕಾಗಿ. ಅಜರಯ್ಯನವರು ತಿರುನೆಲ್ವೇಲಿಯ ತಮಿಳರು. ತೆಲುಗು ನೆಲಕ್ಕೆ ಹೋಗಿ, ತೆಲುಗು ಕಲಿತು, ಮಾಲ ಮಾದಿಗರ ಹಳ್ಳಿಗಳಲ್ಲಿ ಹೊಸ ಸಭೆಗಳನ್ನು ಕಟ್ಟಿದವರು. ಹೊಸ ಸಭೆ ಕಟ್ಟುವವನಿಗೆ ಹಳೆಯ ಹೆಸರುಪಟ್ಟಿ ಹೊರೆಯೆನ್ನುವುದು ಅವರಿಗೆ ಅನುಭವದಿಂದ ಗೊತ್ತಿತ್ತು. 1910ರಲ್ಲಿ ಎಡಿನ್‌ಬರೋದ ದೊಡ್ಡ ಸಮ್ಮೇಳನದಲ್ಲಿ ಬಿಳಿಯ ಮಿಷನರಿಗಳ ಮುಖಕ್ಕೇ, ನಿಮ್ಮ ತ್ಯಾಗವೆಲ್ಲ ಸರಿ, ಆದರೆ ನಮ್ಮ ಜೊತೆ ಸಮಾನರಾಗಿ ಕೂರುವ ಸ್ನೇಹ ಎಲ್ಲಿ ಎಂಬ ಅರ್ಥದಲ್ಲಿ ಮಾತಾಡಿದವರೂ ಅವರೇ.

ಜಿಲ್ಲೆಗಳನ್ನು ಹಂಚಿಕೊಳ್ಳಬಹುದು, ದಂಡನ್ನು ಹಂಚಿಕೊಳ್ಳುವುದು ಕಷ್ಟ. 1809ರ ಸುಮಾರಿಗೆ ಬ್ರಿಟಿಷರು ಹಲಸೂರಿನ ಪಕ್ಕದಲ್ಲಿ ದಂಡು ಹೂಡಿದ ಮೇಲೆ ಸೈನ್ಯದ ಹಿಂದೆ ತಮಿಳು ಕುಟುಂಬಗಳು ಬಂದವು: ಸಿಪಾಯಿಗಳು, ಅಡಿಗೆಯವರು, ಗುಮಾಸ್ತರು, ವ್ಯಾಪಾರಿಗಳು. ಅವರ ಹಿಂದೆ ಮಿಷನ್‌ಗಳೂ ಬಂದವು. ಲಂಡನ್ ಮಿಷನ್ 1820ರಲ್ಲಿ, ವೆಸ್ಲಿಯನ್ನರು 1821ರಲ್ಲಿ. ಸೈನ್ಯದ ಆಂಗ್ಲಿಕನ್ನರಿಗೆ ಸೇಂಟ್ ಮಾರ್ಕ್ಸ್, ಆಮೇಲೆ ಟ್ರಿನಿಟಿ. ಸ್ಕಾಟಿಷರಿಗೆ ಕಬ್ಬನ್ ರಸ್ತೆಯಲ್ಲಿ ಸೇಂಟ್ ಆಂಡ್ರ್ಯೂಸ್. ಕ್ಯಾಥೊಲಿಕರಿಗೆ ಆಗ ಬ್ಲಾಕ್‌ಪಲ್ಲಿ ಎನ್ನುತ್ತಿದ್ದ ಈಗಿನ ಶಿವಾಜಿನಗರದಲ್ಲಿ ಸಂತ ಮರಿಯಮ್ಮನ ದೇವಾಲಯ. ಮೆಥಡಿಸ್ಟರಲ್ಲೇ ಎರಡು ಬಗೆ. ಬ್ರಿಟಿಷ್ ವೆಸ್ಲಿಯನ್ನರು ಒಂದು, ರಿಚ್ಮಂಡ್ ಟೌನಿನ ಅಮೆರಿಕನ್ನರು ಇನ್ನೊಂದು. ಅರ್ಧ ಗಂಟೆ ನಡೆದರೆ ಯುರೋಪಿನ ಮೂರು ಶತಮಾನಗಳ ಧಾರ್ಮಿಕ ಜಗಳದ ನಕ್ಷೆ ಕಾಲಡಿಯಲ್ಲೇ ಸಿಗುತ್ತಿತ್ತು.

ಒಂದಾಗುವ ಪಾಠ ಶುರುವಾದದ್ದೂ ಇಂಥ ಕಡೆಯೇ. 1910ರಲ್ಲಿ ಲಂಡನ್, ವೆಸ್ಲಿಯನ್, ಸ್ಕಾಟಿಷ್ ಮತ್ತು ಅಮೆರಿಕನ್ ಮಿಷನ್‌ಗಳು ಸೇರಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ಆರಂಭಿಸಿದವು. ಅದು ಈಗಲೂ ಮಿಲ್ಲರ್ಸ್ ರಸ್ತೆಯಲ್ಲಿದೆ. ಮೊದಲ ಪ್ರಾಂಶುಪಾಲ ಎಲ್. ಪಿ. ಲಾರ್ಸೆನ್ ಡೆನ್ಮಾರ್ಕಿನವರು. ತಮಿಳು ಬೈಬಲ್ಲಿನ ಪರಿಷ್ಕರಣೆಯಲ್ಲಿ ಅವರ ಕೈ ದೊಡ್ಡದು. ಬೇರೆ ಬೇರೆ ಸಭೆಗಳ ಹುಡುಗರು ಒಂದೇ ಹಾಸ್ಟೆಲಿನಲ್ಲಿ ಮಲಗಿ, ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಮೇಷ್ಟರ ಕೈಯಲ್ಲಿ ಕಲಿತು ಪಾದ್ರಿಗಳಾಗಿ ಹೋದರೆ ಅವರಿಗೆ ಮುಂದೆ ಪರಸ್ಪರರನ್ನು ಪರಕೀಯರೆನ್ನುವುದು ಕಷ್ಟ. ತರಂಗಂಬಾಡಿಯ ಹೇಳಿಕೆಗಿಂತ ಒಂಬತ್ತು ವರ್ಷ ಮೊದಲೇ ಇಲ್ಲಿ ಅಂಥ ಒಂದು ಪಂಕ್ತಿ ಬಿದ್ದಿತ್ತು.

ಕನ್ನಡದ ಮಟ್ಟಿಗೆ ಇದಕ್ಕಿಂತ ಹಳೆಯದಾದ ಇನ್ನೊಂದು ಸಹಕಾರವೂ ಇದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದ ಕನ್ನಡ ಬೈಬಲ್ ಅನುವಾದವನ್ನು ಆಮೇಲಿನ ಪರಿಷ್ಕರಣೆಗಳಲ್ಲಿ ಲಂಡನ್, ವೆಸ್ಲಿಯನ್, ಬಾಸೆಲ್ ಮಿಷನ್ನಿನವರು ಜೊತೆಗೆ ಕುಳಿತು ತಿದ್ದಿದರು. ಬಿಷಪ್ ಬೇಕೇ ಬೇಡವೇ ಎಂಬುದರಲ್ಲಿ ಒಪ್ಪದವರು ‘ಕರ್ತನು’ ಎಂಬ ಪದ ಸಾಕೇ, ‘ದೀಕ್ಷಾಸ್ನಾನ’ ಸರಿಯೇ ಎಂಬುದರಲ್ಲಿ ಒಪ್ಪಿದ್ದರು. ಸಭೆಗಳು ಒಂದಾಗುವ ಬಹಳ ಮೊದಲೇ ಅವುಗಳ ಕನ್ನಡ ಒಂದಾಗಿತ್ತು. ಭಾಷೆಯೇ ಮುಂದೆ ತಕರಾರಿನ ಜಾಗವಾದದ್ದನ್ನು ನೆನೆದರೆ ಈ ಸಂಗತಿಗೆ ತೂಕ ಹೆಚ್ಚುತ್ತದೆ.

ಇನ್ನು ಎಲಿಯಟ್‌ನ ತಕರಾರಿಗೆ ಬರೋಣ. ತರಂಗಂಬಾಡಿಯ ಮರುವರ್ಷದಿಂದ ಮಾತುಕತೆ ಶುರುವಾಯಿತು. ಮೂರು ಪಕ್ಷಗಳು ಸೇರಬೇಕಿತ್ತು: ಆಂಗ್ಲಿಕನ್ ಸಭೆಯ ನಾಲ್ಕು ಡಯಾಸಿಸ್‌ಗಳು, ವೆಸ್ಲಿಯನ್ ಮೆಥಡಿಸ್ಟರು, ಮತ್ತು ಪ್ರೆಸ್ಬಿಟೇರಿಯನ್ ಹಾಗೂ ಕಾಂಗ್ರಿಗೇಶನಲ್ ಸಭೆಗಳು ಸೇರಿ 1908ರಲ್ಲಿ ಆದ ಸೌತ್ ಇಂಡಿಯಾ ಯುನೈಟೆಡ್ ಚರ್ಚ್. ತೊಡಕಾದದ್ದು ಬಿಷಪ್ ಪದವಿ. ಅಪೊಸ್ತಲರಿಂದ ಕೈಯಿಂದ ಕೈಗೆ ಬಂದ ದೀಕ್ಷೆ ಬಿಷಪ್ಪನದು, ಅವನ ಕೈಯಿಂದ ದೀಕ್ಷೆ ಪಡೆಯದವನು ಪೂರ್ಣ ಪಾದ್ರಿಯಲ್ಲ ಎಂಬುದು ಆಂಗ್ಲಿಕನ್ನರ, ಅದರಲ್ಲೂ ಎಲಿಯಟ್‌ನಂಥ ಆಂಗ್ಲೋ ಕ್ಯಾಥೊಲಿಕರ ನಂಬಿಕೆ. ಯೋಜನೆ ಒಂದು ಮಧ್ಯದ ದಾರಿ ಹಿಡಿಯಿತು. ಇನ್ನು ಮುಂದೆ ದೀಕ್ಷೆ ಕೊಡುವುದು ಬಿಷಪ್ಪರೇ. ಈಗಾಗಲೇ ಪಾದ್ರಿಗಳಾಗಿರುವವರಿಗೆ ಮರುದೀಕ್ಷೆ ಇಲ್ಲ, ಅವರು ಇದ್ದಂತೆಯೇ ಸಂದರು. ಯಾವ ಸಭೆಯ ಮನಸ್ಸಾಕ್ಷಿಗೆ ವಿರುದ್ಧವಾಗಿಯೂ ಪಾದ್ರಿಯನ್ನು ಹೇರುವುದಿಲ್ಲ. ಮೂವತ್ತು ವರ್ಷದ ನಂತರ ಎಲ್ಲರೂ ಕೂತು ಮುಂದಿನದನ್ನು ತೀರ್ಮಾನಿಸೋಣ.

ಈ ಕೊಡುಕೊಳೆಯಲ್ಲಿ ಪ್ರತಿಯೊಬ್ಬರ ಹಮ್ಮಿಗೂ ಪೆಟ್ಟು ಬಿದ್ದಿತ್ತು. ಬಿಷಪ್ಪರಿಲ್ಲದೆ ಬಾಳಿದವರು ಬಿಷಪ್ಪರನ್ನು ಒಪ್ಪಬೇಕಾಯಿತು. ಬಿಷಪ್ಪರೇ ಸಭೆಯ ಪ್ರಾಣ ಎಂದವರು ಬಿಷಪ್ಪರ ಕೈ ತಾಕದವರನ್ನೂ ಸಮಾನ ಪಾದ್ರಿಗಳೆಂದು ಒಪ್ಪಬೇಕಾಯಿತು. ಪ್ರತಿ ಸಭೆಯೂ ಸ್ವತಂತ್ರ ಎನ್ನುತ್ತಿದ್ದವರು ಮೇಲೊಂದು ಸಿನೋಡನ್ನು ಒಪ್ಪಿದರು.

ಎಲಿಯಟ್ ಕಿರುಹೊತ್ತಿಗೆ ಬರೆದದ್ದು ಇಂಗ್ಲೆಂಡಿನ ಸಾಮಾನ್ಯ ಭಕ್ತರಿಗೆ. ಅವನ ವಾದ ಸ್ಥೂಲವಾಗಿ ಮೂರು ಎಳೆಗಳದ್ದು. ಒಂದು, ಇದು ದಕ್ಷಿಣ ಭಾರತದ ಮನೆ ಜಗಳವಲ್ಲ, ಇಲ್ಲಿ ಒಪ್ಪಿದರೆ ಇಡೀ ಆಂಗ್ಲಿಕನ್ ಬಳಗಕ್ಕೆ ಮೇಲ್ಪಂಕ್ತಿಯಾಗುತ್ತದೆ. ಎರಡು, ಬಿಷಪ್ ಪದವಿಯನ್ನು ತತ್ತ್ವವೆಂದು ಒಪ್ಪದೆ ಅನುಕೂಲವೆಂದು ಉಳಿಸಿಕೊಂಡರೆ ಅದನ್ನು ಕಳೆದುಕೊಂಡ ಹಾಗೆಯೇ. ಮೂರನೆಯದು ಭಾಷೆಯದು. ಯೋಜನೆಯ ಮಾತುಗಳು ಎಷ್ಟು ಸಡಿಲವೆಂದರೆ ಒಂದೇ ವಾಕ್ಯವನ್ನು ಇಬ್ಬರು ಎರಡು ಅರ್ಥದಲ್ಲಿ ಓದಿ ಇಬ್ಬರೂ ಸಹಿ ಹಾಕಬಹುದು. ಇಂಥ ಒಮ್ಮತ ಒಮ್ಮತವೇ ಅಲ್ಲ.

ಮೊದಲ ಎರಡು ಎಳೆಗಳಿಗೆ 1919ರ ಪ್ರಬಂಧವನ್ನು ಮುಂದಿಟ್ಟು ನೋಡಬೇಕು. ಅದರ ಮುಖ್ಯ ವಿಚಾರ ನಮಗೆಲ್ಲ ಗೊತ್ತಿರುವುದೇ. ಸಂಪ್ರದಾಯ ಸುಮ್ಮನೆ ಕೈಗೆ ಬರುವ ಆಸ್ತಿಯಲ್ಲ. ದುಡಿದು ಪಡೆಯಬೇಕಾದದ್ದು. ಹಳೆಯ ಕೃತಿಗಳೆಲ್ಲ ಸೇರಿ ಒಂದು ಕ್ರಮವಾಗಿರುತ್ತವೆ. ನಿಜವಾಗಿ ಹೊಸದಾದ ಕೃತಿಯೊಂದು ಬಂದಾಗ ಆ ಇಡೀ ಕ್ರಮ ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತದೆ, ಹಳೆಯದರ ಅರ್ಥವೂ ಹೊಸದರಿಂದ ಬದಲಾಗುತ್ತದೆ. ಕಾವ್ಯದಲ್ಲಿ ಇದನ್ನು ಕಂಡವನು ಚರ್ಚಿನಲ್ಲಿ ಯಾಕೆ ಕಾಣಲಿಲ್ಲ? ತರಂಗಂಬಾಡಿಯಲ್ಲಿ ಸೇರಿದವರು ಮಾಡುತ್ತಿದ್ದುದು ಇದನ್ನೇ. ಅವರು ಪಶ್ಚಿಮದ ಸಭೆಗಳನ್ನು ಪಿತ್ರಾರ್ಜಿತವೆಂದು ಹಾಗೆಯೇ ಇಟ್ಟುಕೊಳ್ಳಲು ಒಪ್ಪಲಿಲ್ಲ. ದುಡಿದು ಪಡೆಯಲು, ಅಂದರೆ ತಮ್ಮ ಹಳ್ಳಿಗಳ ಅಗತ್ಯಕ್ಕೆ ಒರೆಗಿಟ್ಟು ಬೇಕಾದದ್ದನ್ನು ಆಯಲು ಹೊರಟಿದ್ದರು. ಎಲಿಯಟ್‌ನ ಕಣ್ಣಿಗೆ ಅದು ಒಡೆಯುವ ಕೆಲಸವಾಗಿ ಕಂಡಿತು. ಹೊಸ ಕೃತಿ ಬಂದಾಗ ಹಳಬರಿಗೆ ಯಾವತ್ತೂ ಹಾಗೆಯೇ ಕಂಡಿದೆ. ‘ವೇಸ್ಟ್ ಲ್ಯಾಂಡ್’ ಬಂದಾಗಲೂ ಕೆಲವರಿಗೆ ಹಾಗೆಯೇ ಕಂಡಿತ್ತು.

ಇದು ಬರೀ ಹೋಲಿಕೆಯ ಚಮತ್ಕಾರವಲ್ಲ, ಸಾಕ್ಷಿಯಿದೆ. ಮೆಥಡಿಸ್ಟರು 1943ರಲ್ಲಿ, ಆಂಗ್ಲಿಕನ್ನರು 1945ರಲ್ಲಿ, ಯುನೈಟೆಡ್ ಚರ್ಚಿನವರು 1946ರಲ್ಲಿ ಒಪ್ಪಿಗೆ ಕೊಟ್ಟರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ, ನಾವು ಸಿ.ಎಸ್.ಐ. ಎನ್ನುವುದು, ಹುಟ್ಟಿತು. ಅಜರಯ್ಯನವರು ಅದನ್ನು ನೋಡಲಿಲ್ಲ. 1945ರ ಜನವರಿ ಒಂದರಂದೇ ಅವರು ತೀರಿಕೊಂಡಿದ್ದರು. ಮೂರು ವರ್ಷದೊಳಗೆ ಹೊಸ ಸಭೆ ತನ್ನದೇ ಆರಾಧನಾ ಕ್ರಮವನ್ನು ಸಿದ್ಧಪಡಿಸಿತು. 1950ರಲ್ಲಿ ಬಳಕೆಗೆ ಬಂದ ಆ ಕ್ರಮದಲ್ಲಿ ಕೇರಳದ ಸಿರಿಯನ್ ಸಭೆಗಳಿಂದ ಪಡೆದ ಒಂದು ವಿಧಿ ಇದೆ. ಪಾದ್ರಿಯಿಂದ ಶುರುವಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಅಂಗೈಗಳ ನಡುವೆ ಅಂಗೈ ಇಟ್ಟು, ಸಮಾಧಾನವನ್ನು ದಾಟಿಸುವುದು. ಪಾದ್ರಿ ಜನರಿಗೆ ಬೆನ್ನು ಹಾಕದೆ ಎದುರಾಗಿ ನಿಲ್ಲುವುದೂ ಅದರಲ್ಲಿದೆ. ಮುಂದಿನ ದಶಕಗಳಲ್ಲಿ ಇಂಗ್ಲೆಂಡಿನ ಸಭೆಯೂ ಸೇರಿ ಪಶ್ಚಿಮದ ಸಭೆಗಳು ತಮ್ಮ ಆರಾಧನೆಯನ್ನು ತಿದ್ದುವಾಗ ದಕ್ಷಿಣ ಭಾರತದ ಕಡೆ ನೋಡಿದವು. ಲಂಡನ್ನಿನ ಇಂಗ್ಲಿಷರು ಇವತ್ತು ಆರಾಧನೆಯ ನಡುವೆ ಪಕ್ಕದವರ ಕೈ ಹಿಡಿಯುವುದರಲ್ಲಿ ಇಲ್ಲಿಂದ ಹೋದದ್ದು ಸ್ವಲ್ಪವಾದರೂ ಇದೆ. ಹಳೆಯ ಕ್ರಮ ಸರಿದು ಹೊಸದಕ್ಕೆ ಜಾಗ ಕೊಟ್ಟಿತು. 1919ರ ಎಲಿಯಟ್ ಹೇಳಿದಂತೆಯೇ ಆಯಿತು, 1943ರ ಎಲಿಯಟ್ ಹೆದರಿದಂತೆ ಆಗಲಿಲ್ಲ. ಸಿ.ಎಸ್.ಐ. ಪಾದ್ರಿಗಳ ದೀಕ್ಷೆ ಸರಿಯಾದದ್ದೆಂದು 1955ರಲ್ಲಿ ಇಂಗ್ಲೆಂಡಿನ ಸಭೆಯೂ ಒಪ್ಪಿತು.

ಬೆಂಗಳೂರಿನಲ್ಲಿ ಇದರ ಸರಳವಾದ ಉದಾಹರಣೆ ನಾರ್ಮನ್ ಸಾರ್ಜೆಂಟ್. ಬಿಷಪ್ಪರಿಲ್ಲದ ವೆಸ್ಲಿಯನ್ ಮಿಷನ್ನಿನಿಂದ ಬಂದ ಅವರು 1951ರಲ್ಲಿ ಮೈಸೂರು ಡಯಾಸಿಸ್ಸಿನ ಬಿಷಪ್ಪರಾದರು. ಒಂದು ಕಾಲಕ್ಕೆ ಸೈನ್ಯದ ಆಂಗ್ಲಿಕನ್ನರದಾಗಿದ್ದ ಸೇಂಟ್ ಮಾರ್ಕ್ಸ್ ಒಬ್ಬ ಮೆಥಡಿಸ್ಟನ ಆಡಳಿತಕ್ಕೆ ಬಂತು. ನೂರು ವರ್ಷ ಹಿಂದೆ ಎರಡೂ ಕಡೆಯವರು ಇದನ್ನು ಕಲ್ಪಿಸಿಕೊಳ್ಳುತ್ತಿರಲಿಲ್ಲ. ಆ ವರ್ಷಗಳಲ್ಲಿ ಊರೂ ಒಂದಾಗುತ್ತಿತ್ತು. 1947ರ ಜುಲೈನಲ್ಲಿ ದಂಡು ಬ್ರಿಟಿಷರ ಕೈಯಿಂದ ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ಕಾರ್ಪೊರೇಷನ್ ಆಯಿತು.

ಆದರೆ ಮೂರನೆಯ ಎಳೆ ಉಳಿದಿದೆ. ಸಡಿಲ ಮಾತಿನ ಮೇಲೆ ಕಟ್ಟಿದ ಒಮ್ಮತದ ಬಗ್ಗೆ ಎಲಿಯಟ್ ಎತ್ತಿದ ಸಂಶಯ ಒಬ್ಬ ಕವಿಯ ಸಂಶಯ, ಪದದ ಬಗ್ಗೆ ಎಚ್ಚರ ಇರುವವನದು. ಬಿಷಪ್ ವಿಚಾರದಲ್ಲಿ ಅದು ತಪ್ಪೆನ್ನಬಹುದು. ಅಲ್ಲಿ ಸಡಿಲ ಬಿಟ್ಟದ್ದು ಮೂವತ್ತು ವರ್ಷದ ನಂಬಿಕೆಗಾಗಿ, ಅದು ಎಲ್ಲರಿಗೂ ಗೊತ್ತಿದ್ದ ಸಡಿಲ. ಮದ್ರಾಸಿನ ಸ್ಕಾಟಿಷ್ ಮಿಷನರಿಯಾಗಿದ್ದು ಮಧುರೈಯ ಬಿಷಪ್ಪರಾದ ಲೆಸ್ಲಿ ನ್ಯೂಬಿಗಿನ್ ‘ದಿ ರೀಯೂನಿಯನ್ ಆಫ್ ದಿ ಚರ್ಚ್’ ಎಂಬ 1948ರ ಪುಸ್ತಕದಲ್ಲಿ ಯೋಜನೆಯನ್ನು ಸಮರ್ಥಿಸಿದ್ದಾರೆ. ಸಭೆ ದಾರಿಯಲ್ಲಿರುವ ಜನ, ಈಗಾಗಲೇ ಊರು ಮುಟ್ಟಿದವರಲ್ಲ ಎಂಬ ನಿಲುವು ಅವರ ಬರವಣಿಗೆಯ ಉದ್ದಕ್ಕೂ ಇದೆ. ನಡೆಯುವವರಿಗೆ ಎಲ್ಲ ಮಾತೂ ಮೊದಲೇ ಖಚಿತವಾಗಿರಬೇಕಿಲ್ಲ.

ಯೋಜನೆ ಖಚಿತವಾಗಿ ಹೇಳದೆ ಬಿಟ್ಟದ್ದು ಬೇರೆಯೇ ಇತ್ತು. ಅದು ಇಂಗ್ಲೆಂಡಿನಿಂದ ಬಂದ ಹಮ್ಮಲ್ಲ, ಮನೆಯದೇ ಹಮ್ಮು: ಭಾಷೆ ಮತ್ತು ಜಾತಿ. ಎಲಿಯಟ್‌ಗೆ ಇದು ಕಾಣುವಂತಿರಲಿಲ್ಲ. ಮಾತುಕತೆಗೆ ಕೂತವರು ಬಿಷಪ್ಪರ ದೀಕ್ಷೆಯ ಬಗ್ಗೆ ಇಪ್ಪತ್ತೇಳು ವರ್ಷ ಚರ್ಚಿಸಿದರು. ಒಂದೇ ಊರಿನಲ್ಲಿ ತಮಿಳು ಸಭೆಯೂ ಕನ್ನಡ ಸಭೆಯೂ ಹೇಗೆ ಒಂದಾಗಬೇಕು ಎಂಬುದು ಅವರ ದೊಡ್ಡ ಪ್ರಶ್ನೆಯಾಗಲಿಲ್ಲ. ಸಾರ್ಜೆಂಟ್ ಬಿಷಪ್ಪರಾಗುವ ಮೊದಲೇ, 1940ರಲ್ಲಿ, ‘ದಿ ಡಿಸ್ಪರ್ಷನ್ ಆಫ್ ದಿ ತಮಿಲ್ ಚರ್ಚ್’ ಎಂಬ ಪುಸ್ತಕ ಬರೆದಿದ್ದರು. ವಲಸೆ ಹೋದ ತಮಿಳು ಕ್ರೈಸ್ತರ ಜಾಡು ಹಿಡಿದು ಸಭೆಗಳು ಹೇಗೆ ಹರಡಿದವು ಎಂಬುದು ಅದರ ವಸ್ತು. ದಂಡನ್ನು ಅರ್ಥ ಮಾಡಿಕೊಳ್ಳಲು ಅದು ಎಲಿಯಟ್‌ನ ಹೊತ್ತಿಗೆಗಿಂತ ಹೆಚ್ಚು ಉಪಯೋಗದ ಪುಸ್ತಕ. ದಂಡಿನ ಸಭೆಗಳ ಗಡಿ ಮಿಷನ್‌ಗಳಿಗಿಂತ ಹೆಚ್ಚಾಗಿ ಮಾತಿನದಾಗಿತ್ತು. ಪೇಟೆಯ ಕಡೆ ಕನ್ನಡ, ದಂಡಿನ ಕಡೆ ತಮಿಳು, ಮೇಲೆ ಇಂಗ್ಲಿಷ್. 1947ರ ನಂತರ ಹೆಸರುಪಟ್ಟಿ ಒಂದಾಯಿತು, ಗಡಿ ಹಾಗೆಯೇ ಉಳಿಯಿತು. ಇವತ್ತಿಗೂ ಶಿವಾಜಿನಗರ, ಹಲಸೂರಿನ ಕಡೆ ಚರ್ಚುಗಳ ಫಲಕದಲ್ಲಿ ಒಂದೊಂದು ಭಾಷೆಗೆ ಒಂದೊಂದು ಹೊತ್ತು ಬರೆದಿರುತ್ತಾರೆ. ಒಂದು ಆರಾಧನೆ ಮುಗಿದು ಜನ ಹೊರಬರುವಾಗ ಇನ್ನೊಂದರವರು ಒಳಹೋಗುತ್ತಾರೆ. ಬಾಗಿಲಲ್ಲಿ ಒಂದು ನಗೆ, ಅಷ್ಟೆ.

ಇದು ಪ್ರಾಟೆಸ್ಟಂಟರ ಪಾಡು ಮಾತ್ರವಲ್ಲ. ಕ್ಯಾಥೊಲಿಕರಲ್ಲಿ ಎಲ್ಲರಿಗೂ ಸಮಾನವಾಗಿ ಅರ್ಥವಾಗದ ಲ್ಯಾಟಿನ್ ಇತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಪರಿಷತ್ತು ಜನರ ಭಾಷೆಯಲ್ಲಿ ಪೂಜೆಗೆ ದಾರಿ ಬಿಟ್ಟ ಮೇಲೆ ಬೆಂಗಳೂರಿನಲ್ಲಿ ಎದ್ದ ಪ್ರಶ್ನೆ ಯಾವ ಜನರ ಭಾಷೆ ಎಂಬುದು. ಕನ್ನಡ ಕ್ರೈಸ್ತರು ಈ ನೆಲದ ಭಾಷೆಗೆ ಆದ್ಯತೆ ಕೇಳಿದರು. ತಮಿಳರು ತಾವು ತಲೆಮಾರುಗಳಿಂದ ಕಟ್ಟಿದ ದೇವಾಲಯಗಳಲ್ಲಿ ತಮ್ಮ ಪ್ರಾರ್ಥನೆ ಉಳಿಯಬೇಕೆಂದರು. ಎರಡರಲ್ಲೂ ನ್ಯಾಯವಿದೆ, ಎರಡರಲ್ಲೂ ಹಮ್ಮಿದೆ. ದಶಕಗಳು ಕಳೆದರೂ ಆ ಕಹಿ ಪೂರ್ತಿ ಇಳಿದಿಲ್ಲ. ಆದರೂ ಸೆಪ್ಟೆಂಬರಿನಲ್ಲಿ ಮರಿಯಮ್ಮನ ಹಬ್ಬಕ್ಕೆ ಕಾವಿ ಬಟ್ಟೆ ಉಟ್ಟು ಶಿವಾಜಿನಗರಕ್ಕೆ ನಡೆದುಬರುವವರನ್ನು ನೀವು ಯಾವ ಭಾಷೆಯವರೆಂದು ಯಾರೂ ಕೇಳುವುದಿಲ್ಲ. ಯಾವ ಧರ್ಮದವರೆಂದೂ ಕೇಳುವುದಿಲ್ಲ.

ಹಳೆ ಮದ್ರಾಸ್ ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ಇವತ್ತಿನ ಹೊಸ ಸಭೆಗಳು ಸಿಗುತ್ತವೆ. ಇಂದಿರಾನಗರ ದಾಟಿ ಕೆ.ಆರ್. ಪುರದ ಕಡೆ ಬಂದಂತೆ ಕಲ್ಲಿನ ಗೋಪುರಗಳು ಕಡಿಮೆಯಾಗಿ ಬಾಡಿಗೆ ಹಾಲ್‌ಗಳು, ಮೊದಲ ಮಹಡಿಯ ಪ್ರಾರ್ಥನಾ ಮಂದಿರಗಳು ಶುರುವಾಗುತ್ತವೆ. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಲಸಕ್ಕಾಗಿ ರೈಲಿನಲ್ಲಿ ಈ ಕಡೆ ಬಂದವರು, ಕಟ್ಟಡ ಕೆಲಸದವರು, ಐ.ಟಿ. ಕಂಪನಿಗಳ ಕಾವಲಿನವರು, ಈಶಾನ್ಯದ ಹುಡುಗ ಹುಡುಗಿಯರು ಭಾನುವಾರ ಅಲ್ಲಿ ಸೇರುತ್ತಾರೆ. ಹೊಸ ಸಭೆ ಎಂದ ಕೂಡಲೇ ಕರ್ನಾಟಕದಲ್ಲಿ 2022ರ ಮತಾಂತರ ಕಾಯ್ದೆಯ ಗಲಾಟೆ ನೆನಪಾಗುವುದು ಸಹಜ. ಆದರೆ ಇಲ್ಲಿನ ಬಹುಪಾಲು ಜನ ಕ್ರೈಸ್ತರಾಗಿಯೇ ಊರು ಬಿಟ್ಟು ಬಂದವರು. ಅವರಿಗೆ ಬೇಕಾದದ್ದು ತಮ್ಮ ಮಾತಾಡುವ ನಾಲ್ಕು ಜನ, ಕಾಯಿಲೆ ಬಿದ್ದರೆ ಬಂದು ನೋಡುವವರು.

ಇಲ್ಲಿ ಪಂಗಡದ ಹಮ್ಮು ಇಲ್ಲ. ಬೇರೆ ಹಮ್ಮಿದೆ. ಒಂದೇ ಬೀದಿಯ ಎರಡು ಸಭೆಗಳು ಒಂದೇ ಹಾಡು ಹಾಡಿ, ಒಂದೇ ಬೈಬಲ್ ಓದಿ, ಪರಸ್ಪರ ಇಲ್ಲವೆಂಬಂತೆ ಇರುತ್ತವೆ. ಯಾಕೆಂದರೆ ಪ್ರತಿಯೊಂದೂ ಒಬ್ಬೊಬ್ಬ ಪಾಸ್ಟರರ ಸ್ವಂತ ದುಡಿಮೆ, ಸ್ವಂತ ಹೆಸರು. ಹಳೆಯ ಸಭೆಗಳದು ಇನ್ನೊಂದು ಬಗೆ. ಬೆಲೆ ಬಾಳುವ ನಿವೇಶನಗಳ ಮೇಲೆ ಕೂತು, ಆಸ್ತಿಯ ದಾವೆಗಳಲ್ಲಿ ಮುಳುಗಿ, ಮಹಡಿಯ ಮೇಲಿನವರನ್ನು ಸಭೆಯೆಂದೇ ಎಣಿಸುವುದಿಲ್ಲ. ಮಿಷನ್‌ಗಳ ಕಾಲದಲ್ಲಿ ನೆಲ ಹಂಚಿಕೊಳ್ಳುವ ಒಪ್ಪಂದವಾದರೂ ಇತ್ತು. ಈಗ ಒಂದು ಸಭೆಯ ಜನ ಇನ್ನೊಂದಕ್ಕೆ ಹೋದರೆ ಕದ್ದರೆಂಬ ಮಾತು ಬರುತ್ತದೆ, ಹಂಚಿಕೊಂಡರೆಂಬುದಲ್ಲ.

ಹಾಗಾದರೆ ಎಲಿಯಟ್ ಗೆದ್ದನೇ? ಇಲ್ಲ. ಅವನ ಹೊತ್ತಿಗೆಯ ದೊಡ್ಡ ಕೊರತೆ ಅದು ಯಾರಿಗಾಗಿ ಬರೆದದ್ದೆಂಬುದರಲ್ಲೇ ಇದೆ. ದಕ್ಷಿಣ ಭಾರತದ ಭಕ್ತ ಅದರ ವಸ್ತು, ಅದರ ಓದುಗನಲ್ಲ. ಹಾಗಾಗಿ ಪಶ್ಚಿಮದ ಹಮ್ಮು ಕಳೆದರೆ ಏನು ಹೋಗುತ್ತದೆ ಎಂದು ಲೆಕ್ಕ ಹಾಕಿದವನಿಗೆ ಇಲ್ಲಿನ ಜನಕ್ಕೆ ಏನು ಬರುತ್ತದೆ ಎಂಬ ಲೆಕ್ಕ ಸಿಗಲಿಲ್ಲ. ಆದರೆ ಅವನ ಮೂರನೆಯ ಎಳೆಯನ್ನು ನಾವು ಎತ್ತಿಕೊಂಡು ನಮ್ಮ ಕಡೆಗೆ ತಿರುಗಿಸಬೇಕು. ಒಂದಾಗುತ್ತೇವೆ ಎಂದು ಸಹಿ ಹಾಕುವಾಗ ಯಾವ ಮಾತನ್ನು ಸಡಿಲ ಬಿಟ್ಟೆವು, ಯಾಕೆ ಬಿಟ್ಟೆವು ಎಂದು ಕೇಳುವುದು ವಿಮರ್ಶೆಯ ಕೆಲಸವೇ. 1947ರಲ್ಲಿ ಕನ್ನಡ, ತಮಿಳು ಮತ್ತು ಜಾತಿಯ ಮಾತನ್ನು ಸಡಿಲ ಬಿಟ್ಟರು, ಅದಕ್ಕೆ ಗಡುವನ್ನೂ ಹಾಕಲಿಲ್ಲ. ಬಿಷಪ್ ಪ್ರಶ್ನೆಗೆ ಮೂವತ್ತು ವರ್ಷದ ಗಡುವಿತ್ತು, ಅದು ತೀರಿತು. ಗಡುವಿಲ್ಲದ ಪ್ರಶ್ನೆ ಈಗಲೂ ಬಾಗಿಲಲ್ಲೇ ನಿಂತಿದೆ.

ಆ ಬಾಗಿಲಿಗೆ ಏನು ಮಾಡಬಹುದೆಂಬುದಕ್ಕೆ ಉತ್ತರ ಸಿ.ಎಸ್.ಐ. ತಾನೇ ಬರೆದಿಟ್ಟ ಆರಾಧನಾ ಕ್ರಮದಲ್ಲಿದೆ. ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಆ ವಿಧಿ ಲಂಡನ್ನಿನವರೆಗೆ ಹೋಯಿತು. ತಮಿಳು ಆರಾಧನೆಯಿಂದ ಹೊರಬರುವವರು ಕನ್ನಡ ಆರಾಧನೆಗೆ ಒಳಹೋಗುವವರಿಗೆ ಅದನ್ನು ದಾಟಿಸಲು ಹಲಸೂರಿನಲ್ಲಿ ಬೇಕಾಗುವುದು ಎರಡು ಹೆಜ್ಜೆ.